ಎಲ್ಲ ಆಸನಗಳೂ ತುಂಬಿವೆ

ಆ ಮೂರು ತಿಂಗಳು ನಮ್ಮ ಲೈಬ್ರರಿಯಲ್ಲಿ ಅತಿ ಹೆಚ್ಚು ಪರೀಕ್ಷೆ ಬರೆದವನು ಅಟೆಂಡರಣ್ಣ. ಬೆಳಿಗ್ಗೆ ಹತ್ತಕ್ಕೆ ಒಂದು, ಹತ್ತೂವರೆಗೆ ಒಂದು, ಹನ್ನೊಂದಕ್ಕೆ ಇನ್ನೊಂದು. ಎಡಗೈಯಲ್ಲಿ ಧೂಳು ಒರೆಸುವ ಬಟ್ಟೆ, ಬಲಗೈಯಲ್ಲಿ ಮೌಸು. ನರ್ಸುಗಳ ನೋಂದಣಿ ಪರೀಕ್ಷೆಯ ಪ್ರಶ್ನೆಗಳಿಗೆ ಅವನು ಓದದೆಯೇ ಉತ್ತರ ಒತ್ತುತ್ತಿದ್ದ. ಒಂದು ಕಂಪ್ಯೂಟರಿನಲ್ಲಿ ಎಲ್ಲಕ್ಕೂ ಮೊದಲನೆಯದು, ಪಕ್ಕದ್ದರಲ್ಲಿ ಎಲ್ಲಕ್ಕೂ ಕೊನೆಯದು.

"ಇವತ್ತು ನೂರಕ್ಕೆ ಇಪ್ಪತ್ತೇಳು, ಪಾಸ್‌ವರ್ಡು ಸಾರ್," ಎಂದು ಒಂದು ದಿನ ಕೋಣೆಯ ಆ ತುದಿಯಿಂದ ಕೂಗಿ ಹೇಳಿದ. "ಹೀಗೇ ಬಿಟ್ರೆ ಮುಂದಿನ ವರ್ಷ ನಿಮಗೆ ಜ್ವರ ಬಂದಾಗ ನಾನೇ ಸೂಜಿ ಚುಚ್ತೀನಿ."

ಪಾಸ್‌ವರ್ಡು ಅಂದರೆ ನಾನು. ಲೈಬ್ರರಿಯ ಮೊದಲ ಮಹಡಿಯಲ್ಲಿ ಕಂಪ್ಯೂಟರ್ ವಿಭಾಗ ಅಂತ ಒಂದು ಕೋಣೆ ಇದೆ. ಆರು ಕಂಪ್ಯೂಟರು, ಅದರಲ್ಲಿ ಒಂದು ಕೆಟ್ಟು ವರ್ಷವಾಯಿತು. ಕಿಟಕಿಯಾಚೆ ಬಸ್ ಡಿಪೋದ ಗೋಡೆ ಬಿಟ್ಟರೆ ಏನೂ ಕಾಣುವುದಿಲ್ಲ. ಮಟಮಟ ಮಧ್ಯಾಹ್ನವೂ ಟ್ಯೂಬ್‌ಲೈಟ್ ಉರಿಯುತ್ತಿರಬೇಕು. ಅಲ್ಲಿನ ಸಹಾಯಕನ ಕೆಲಸ ನನ್ನದು. ಗುತ್ತಿಗೆ ಕೆಲಸ, ವರ್ಷ ವರ್ಷಕ್ಕೆ ಮುಂದುವರಿಸುತ್ತಾರೆ, ಅಥವಾ ಇಲ್ಲ. ಜನ ಮಹಡಿ ಹತ್ತಿ ಬರುವುದು ಪಾಸ್‌ವರ್ಡ್ ಮರೆತಾಗ ಮಾತ್ರ. ಮಗಳ ರಿಸಲ್ಟ್ ನೋಡಬೇಕು, ಪಿಂಚಣಿ ಅರ್ಜಿ ತುಂಬಬೇಕು, ಗಂಡನ ಮೇಲ್ ತೆರೆದು ಓದಬೇಕು. ಮೂರನೆಯದಕ್ಕೆ ನಾನು ಸಹಾಯ ಮಾಡುವುದಿಲ್ಲ. ಆದರೂ ಕೇಳುವವರು ಕೇಳುತ್ತಾರೆ.

ಇವರ್ಯಾರಿಗೂ ಬೇಡವಾದ ಒಂದು ವಸ್ತು ನಮ್ಮಲ್ಲಿತ್ತು. ಡೇಟಾಬೇಸ್. ಲೈಬ್ರರಿ ಕಾರ್ಡಿನ ಹಿಂಬದಿಯ ಅಂಕಿಗಳನ್ನು ಹಾಕಿದರೆ ಸಾಕು, ಮನೆಯಲ್ಲೇ ಕೂತು ಫೋನಿನಲ್ಲಿ ತೆರೆಯಬಹುದು. ವಿಶ್ವಕೋಶಗಳು, ವೈದ್ಯಕೀಯ ಪತ್ರಿಕೆಗಳು, ಎಪ್ಪತ್ತು ವರ್ಷದ ಹಳೆಯ ದಿನಪತ್ರಿಕೆಗಳು, ಭಾಷೆ ಕಲಿಸುವ ಪಾಠಗಳು, ಮೂವತ್ತು ನಲವತ್ತು ಬಗೆಯ ನೌಕರಿಗೆ ಅಭ್ಯಾಸ ಪರೀಕ್ಷೆಗಳು. ಓದುವವರಿಗೆ ಪುಕ್ಕಟೆ. ಅದನ್ನು ನಡೆಸುವ ಕಂಪನಿಗೆ ಲೈಬ್ರರಿಯೇ ಚಂದಾ ಕಟ್ಟುತ್ತದೆ.

ನಾನು ಓದಿದ ಹಾಸ್ಟೆಲ್ಲಿನ ಲೈಬ್ರರಿಯಲ್ಲಿ ಒಳ್ಳೆಯ ಪುಸ್ತಕಗಳೆಲ್ಲ ಗಾಜಿನ ಕಪಾಟಿನಲ್ಲಿದ್ದವು. ಬೀಗದ ಕೈ ವಾರ್ಡನ್ ಸೊಂಟದಲ್ಲಿ. ಪುಸ್ತಕಗಳ ಬೆನ್ನಿನ ಮೇಲಿನ ಹೆಸರುಗಳನ್ನಷ್ಟೇ ಓದಿಕೊಂಡು ಮೂರು ವರ್ಷ ಕಳೆದವನು ನಾನು. ಹಾಗಾಗಿ ಈ ಡೇಟಾಬೇಸ್ ಮೊದಲ ಸಲ ತೆರೆದ ದಿನ ಊಟಕ್ಕೂ ಏಳಲಿಲ್ಲ. ಊರಿಗೆಲ್ಲ ಹೇಳಬೇಕೆನಿಸಿತು. ಹೇಳಿದೆ. ಊರು ಕೇಳಲಿಲ್ಲ.

ವರ್ಷದ ಕೊನೆಗೆ ಹೆಡ್ ಮೇಡಂ ನನ್ನನ್ನು ಕೆಳಗೆ ಕರೆದರು. ಲೈಬ್ರರಿಗೆ ಮುಖ್ಯಸ್ಥೆ ಅವರು. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಮೇಜಿನ ಮೇಲೆ ಕಂಪನಿ ಕಳಿಸಿದ ಬಳಕೆಯ ಪಟ್ಟಿ.

"ಮೂವತ್ತೊಂದು ಸಲ ಅಂತೆ. ಇಡೀ ವರ್ಷಕ್ಕೆ," ಎಂದರು. "ನಮ್ಮ ಟಾಯ್ಲೆಟ್ಟಿಗೆ ದಿನಕ್ಕೆ ಇದಕ್ಕಿಂತ ಜಾಸ್ತಿ ಜನ ಬರ್ತಾರೆ."

ಆ ಮೂವತ್ತೊಂದರಲ್ಲಿ ಹತ್ತೊಂಬತ್ತು ನಾನೇ ಅಂತ ಹೇಳಲಿಲ್ಲ.

"ಜನಕ್ಕೆ ಗೊತ್ತಿಲ್ಲ ಮೇಡಂ."

"ಜನಕ್ಕೆ ಗೊತ್ತಿಲ್ಲ ಅಂತ ಲೈಬ್ರರಿ ಸಮಿತಿಗೆ ಬರೀಲಾ? ಮೂರು ತಿಂಗಳು ಟೈಮ್ ಕೊಟ್ಟಿದಾರೆ. ಅಷ್ಟರಲ್ಲಿ ಬಳಕೆ ಏರ್ಲಿಲ್ಲ ಅಂದ್ರೆ ಚಂದಾ ನಿಲ್ಲುತ್ತೆ. ಚಂದಾ ನಿಂತ್ರೆ ನಿಮ್ಮ ಕೋಣೆಗೆ ಏನು ಕೆಲಸ? ಕೋಣೆಗೆ ಕೆಲಸ ಇಲ್ಲದಿದ್ರೆ ನಿಮಗೇನು ಕೆಲಸ?"

ಹೆದರಿಸಲು ಹೇಳಿದ್ದಲ್ಲ. ಮೆಟ್ಟಿಲಿಳಿದ ಹಾಗೆ ಒಂದಾದ ಮೇಲೊಂದು ಮಾತಾಡುವುದು ಅವರ ಅಭ್ಯಾಸ.

"ಸಂಖ್ಯೆ ತನ್ನಿ," ಎಂದರು. "ಎಲ್ಲಿಂದ ತರ್ತೀರೋ ನಿಮಗೆ ಬಿಟ್ಟಿದ್ದು."

ಮೊದಲು ನಿಯತ್ತಿನಿಂದಲೇ ಹೊರಟೆ. ಪೋಸ್ಟರ್ ಬರೆದೆ. ಕಾಲೇಜಿನ ಗೇಟಿಗೆ, ಬಸ್ ನಿಲ್ದಾಣಕ್ಕೆ, ದೊಡ್ಡಾಸ್ಪತ್ರೆಯ ಹಿಂಬಾಗಿಲಿಗೆ ಅಂಟಿಸಿದೆ. ನಾಲ್ಕನೆಯ ದಿನ ಒಬ್ಬ ಹೆಂಗಸು ಏದುಸಿರು ಬಿಡುತ್ತಾ ಮಹಡಿ ಹತ್ತಿ ಬಂದಳು. ಕೈಯಲ್ಲಿ ನನ್ನದೇ ಪೋಸ್ಟರ್, ನಾಲ್ಕು ಮಡಿಕೆ.

"ಇದು ನಿಜವಾಗ್ಲೂ ಪುಕ್ಕಟೆನಾ? ಆಮೇಲೆ ಅದು ಕೊಡಿ ಇದು ಕೊಡಿ ಅನ್ನಲ್ಲ ತಾನೆ?"

"ಏನೂ ಕೇಳಲ್ಲ. ಅಲ್ಲಕ್ಕ, ಪೋಸ್ಟರೇ ಕಿತ್ಕೊಂಡು ಬಂದ್ಬಿಟ್ರಾ?"

"ಬೇರೆಯವರು ನೋಡಿದ್ರೆ ಪೈಪೋಟಿ ಜಾಸ್ತಿ ಆಗುತ್ತಲ್ಲ ಸಾರ್," ಎಂದು ನಕ್ಕಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿದಳು. ಬೆರಳ ತುದಿಗಳು ಬಿಳಿಚಿಕೊಂಡು ಸುಕ್ಕಾಗಿದ್ದವು, ಬಹಳ ಹೊತ್ತು ನೀರಲ್ಲಿದ್ದ ಕೈಯ ಹಾಗೆ.

ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ವಯಸ್ಸು ಮೂವತ್ತೆಂಟು. ಮೊದಲು ಅದೇ ಆಸ್ಪತ್ರೆಯಲ್ಲಿ ಐದು ವರ್ಷ ನರ್ಸಾಗಿದ್ದಳು. ಅತ್ತೆಗೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗ ಕೆಲಸ ಬಿಟ್ಟಳು. ಒಂಬತ್ತು ವರ್ಷ. ಅಷ್ಟರಲ್ಲಿ ನೋಂದಣಿ ರದ್ದಾಗಿತ್ತು. ಗಂಡ ಲಾರಿ ಡ್ರೈವರ್, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಮತ್ತೆ ನರ್ಸಾಗಬೇಕಾದರೆ ನೋಂದಣಿ ಪರೀಕ್ಷೆ ಪಾಸು ಮಾಡಬೇಕು. ಮೂರು ಸಲ ಮಾತ್ರ ಅವಕಾಶ.

"ಎರಡು ಸಲ ಹೋಯ್ತು ಸಾರ್. ಇದು ಕೊನೇದು. ಮೊದಲು ನಾನು ಬೆಡ್ ಮೇಲೆ ಮಲಗಿದವರನ್ನ ನೋಡ್ಕೋತಿದ್ದೆ. ಈಗ ಬೆಡ್‌ಶೀಟ್ ನೋಡ್ಕೋತೀನಿ. ಇದೂ ಹೋದ್ರೆ ಸಾಯೋವರೆಗೂ ರಕ್ತದ ಕಲೆ ತಿಕ್ಕೋದೇ."

"ಹೋದ ಸಲ ಎಲ್ಲಿ ಎಡವಟ್ಟಾಯ್ತು?"

"ಈಗ ಕಂಪ್ಯೂಟರಲ್ಲಿ ಬರೀಬೇಕಲ್ಲ. ಮೂಲೇಲಿ ಗಡಿಯಾರ ಓಡ್ತಿರುತ್ತೆ. ನಾನು ಅದನ್ನೇ ನೋಡ್ತಾ ಕೂತುಬಿಟ್ಟೆ. ಇನ್ನೊಂದು, ಹನಿ ಲೆಕ್ಕ."

ಅವಳನ್ನು ಕೂರಿಸಿ ಅಭ್ಯಾಸ ಪರೀಕ್ಷೆ ತೆರೆದುಕೊಟ್ಟೆ. ನಿಜವಾದ ಪರೀಕ್ಷೆಯ ಹಾಗೇ ನೂರು ಪ್ರಶ್ನೆ, ಮೂಲೆಯಲ್ಲಿ ಗಡಿಯಾರ. ಆದರೆ ಇದಕ್ಕೆ ಅವಸರವಿಲ್ಲ; ಒಂದು ದಿನ ಅರ್ಧ ಬರೆದು, ಗಡಿಯಾರ ನಿಲ್ಲಿಸಿ, ಮರುದಿನ ಉಳಿದರ್ಧ ಮುಂದುವರಿಸಬಹುದು. ತಪ್ಪಾದರೆ ಯಾಕೆ ತಪ್ಪು ಅಂತಲೂ ಹೇಳುತ್ತದೆ. ಹನಿ ಲೆಕ್ಕವೇ ಮೊದಲು ಬಂತು. ಅರ್ಧ ಲೀಟರ್ ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ಒಂದು ಮಿಲಿಲೀಟರಿಗೆ ಹದಿನೈದು ಹನಿ, ಹಾಗಾದರೆ ನಿಮಿಷಕ್ಕೆ ಎಷ್ಟು ಹನಿ? ಅವಳು ನೂರ ಇಪ್ಪತ್ತೈದು ಒತ್ತಿದಳು. ಅದು ಗಂಟೆಗೆ ಎಷ್ಟು ಮಿಲಿಲೀಟರ್ ಅನ್ನುವ ಲೆಕ್ಕ, ಹನಿಯದಲ್ಲ ಅಂತ ಪರದೆ ತೋರಿಸಿತು. ಅವಳು ತುಟಿ ಅಲ್ಲಾಡಿಸುತ್ತಾ ವಿವರಣೆಯನ್ನು ಎರಡು ಸಲ ಓದಿದಳು. ಮುಂದಿನ ಲೆಕ್ಕಕ್ಕೆ ಬೆರಳು ಮಡಚಿ ಸರಿಯುತ್ತರ ಒತ್ತಿದಳು.

"ಅಯ್ಯೋ, ಇಷ್ಟೇನಾ!" ಎಂದಳು. ಇದನ್ನು ಹೇಳುವವರು ಇಲ್ಲದೆ ಎರಡು ಸಲ ಫೇಲಾಗಿದ್ದಳು.

ಕಾರ್ಡು ಮಾಡಿಕೊಟ್ಟೆ. ಫೋನಿನಲ್ಲಿ ತೆರೆಯುವುದು ಹೇಗೆ ಅಂತ ಮೂರು ಸಲ ಮಾಡಿಸಿದೆ. ಇಲ್ಲಿಗೇ ಬಂದು ದೊಡ್ಡ ಪರದೆಯಲ್ಲಿ ಬರೆದರೆ ಇನ್ನೂ ಒಳ್ಳೆಯದು ಎಂದೆ.

"ಎಲ್ಲಿ ಬರ್ಲಿ ಸಾರ್? ಇವತ್ತು ಮಗಳಿಗೆ ಕಾಲೇಜು ರಜೆ, ಅದಕ್ಕೆ ಬಂದೆ. ಅತ್ತೇನ ಒಬ್ಬರನ್ನೇ ಬಿಡೋ ಹಾಗಿಲ್ಲ. ಮಗಳು ಎರಡಕ್ಕೆ ಬರ್ತಾಳೆ, ಅವಳು ಒಳಗೆ ಬಂದ ಹಾಗೆ ನಾನು ಆಚೆ. ರಾತ್ರಿ ಹತ್ತೂವರೆಗೆ ಬಂದು ಬಿದ್ಕೊಂಡ್ರೆ ಮೈಮೇಲೆ ಬಸ್ಸು ಹೋದ್ರೂ ಗೊತ್ತಾಗಲ್ಲ. ಭಾನುವಾರ ಡಬಲ್ ಶಿಫ್ಟು. ಬೆಳಿಗ್ಗೆ ಮಾತ್ರೆ ಕೊಟ್ಟ ಮೇಲೆ ಅತ್ತೆ ಹನ್ನೊಂದರಿಂದ ಹನ್ನೆರಡರವರೆಗೆ ಮಲಗ್ತಾರೆ. ಅದೊಂದು ಗಂಟೆ ನಂದು."

"ಒಂದು ಗಂಟೆ ಧಾರಾಳವಾಯ್ತು. ದಿನಾ ಮಾಡಿ, ಅಷ್ಟೇ."

"ದಿನಾ ಮಾಡ್ತೀನಿ," ಎಂದು ಕಾರ್ಡನ್ನು ಪರ್ಸಿನ ಒಳ ಜಿಪ್ಪಿನಲ್ಲಿಟ್ಟುಕೊಂಡಳು.

ಮಾಡಿದಳು. ಎರಡು ವಾರದಲ್ಲಿ ಹನ್ನೆರಡು ಸಲ. ಹನ್ನೊಂದಕ್ಕೆ ಎರಡು ನಿಮಿಷ ಇರುವಾಗಲೇ ಒಳಗೆ ಬರುತ್ತಿದ್ದಳು. ನನ್ನ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು, ಕಾರ್ಡಿನ ಕೊನೆಯ ನಾಲ್ಕು ಅಂಕಿ, ಪಕ್ಕದಲ್ಲಿ ಹೊತ್ತು. ಬೇರೆ ಯಾರೂ ಬರಲಿಲ್ಲ. ಊರೆಲ್ಲ ಅಂಟಿಸಿದ ಪೋಸ್ಟರಿಗೆ ಒಬ್ಬಳು.

ಹೆಡ್ ಮೇಡಂಗೆ ಹನ್ನೆರಡು ಅಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು, ಅಷ್ಟೇ.

ಉಪಾಯ ಹೊಳೆದದ್ದು ನನಗೇ. ಅಟೆಂಡರಣ್ಣನ ತಲೆಗೆ ಕಟ್ಟುವುದಿಲ್ಲ. ಲೈಬ್ರರಿಯೊಳಗಿನ ಕಂಪ್ಯೂಟರಿನಿಂದ ಹೋದರೆ ಕಾರ್ಡಿನ ಅಂಕಿಯೂ ಬೇಡ. ಒತ್ತಿದರೆ ತೆರೆಯುತ್ತದೆ, ತೆರೆದರೆ ಒಂದು ಬಳಕೆ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಮೇಲೆ ಜನ ಇರುವುದಿಲ್ಲ, ಅಟೆಂಡರಣ್ಣನಿಗೂ ಕೆಲಸವಿಲ್ಲ. ಅರ್ಧ ಗಂಟೆ ಸುಮ್ಮನಿದ್ದರೆ ಡೇಟಾಬೇಸ್ ತಾನೇ ಆಚೆ ದಬ್ಬುತ್ತದೆ, ಅದು ಪಟ್ಟಿಯಲ್ಲಿ ಕಂಡರೆ ಅನುಮಾನ, ಆದ್ದರಿಂದ ಆಗಾಗ ಒತ್ತುತ್ತಿರಬೇಕು. ನಾಲ್ಕು ಕಂಪ್ಯೂಟರು ಅವನಿಗೆ, ಐದನೆಯದು ಯಾರಾದರೂ ಬಂದರೆ ಇರಲಿ ಅಂತ.

"ಇದರಿಂದ ಯಾರಿಗಾದ್ರೂ ತೊಂದ್ರೆ ಇದೆಯಾ ಸಾರ್?" ಎಂದು ಅವನು ಮೊದಲ ದಿನವೇ ಕೇಳಿದ್ದ.

"ಯಾರಿಗಣ್ಣ ತೊಂದ್ರೆ? ಖಾಲಿ ಮನೆಗೆ ದೀಪ ಹಚ್ಚಿದ ಹಾಗೆ."

ಚಂದಾದ ಕರಾರಿನಲ್ಲಿ ಒಂದು ಸಾಲಿತ್ತು. ಒಂದು ಹೊತ್ತಿಗೆ ನಾಲ್ಕು ಜನ ಮಾತ್ರ ಒಳಗಿರಬಹುದು. ಅವರು ಅದನ್ನು ಆಸನ ಅನ್ನುತ್ತಾರೆ. ನಾಲ್ಕು ಆಸನ ತುಂಬಿದರೆ ಐದನೆಯವರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಈ ಸಾಲು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ವರ್ಷಕ್ಕೆ ಮೂವತ್ತೊಂದು ಸಲ ತೆರೆಯುವ ಬಾಗಿಲಿಗೆ ನೂಕುನುಗ್ಗಲಿನ ಚಿಂತೆ ಯಾರು ಮಾಡುತ್ತಾರೆ? ಲಾಂಡ್ರಿ ಅಕ್ಕನ ನೆನಪು ಆ ಹೊತ್ತಿಗೆ ಬರಲಿಲ್ಲ. ಅವಳ ಕೆಲಸ ಮುಗಿದಿತ್ತು. ಕಾರ್ಡು ಕೊಟ್ಟಾಗಿತ್ತು, ಕಲಿಸಿಕೊಟ್ಟಾಗಿತ್ತು. ನಾನು ಈಗ ಒಟ್ಟು ಸಂಖ್ಯೆಯನ್ನಷ್ಟೇ ನೋಡುತ್ತಿದ್ದೆ. ಅದು ದಿನದಿನಕ್ಕೆ ಏರುತ್ತಿತ್ತು.

ತೆರೆದ ತಕ್ಷಣ ಪರದೆಯ ಮೇಲೆ ಮೊದಲಿಗೆ ಕಾಣುತ್ತಿದ್ದದ್ದು ನರ್ಸುಗಳ ಅಭ್ಯಾಸ ಪರೀಕ್ಷೆ. ಅಟೆಂಡರಣ್ಣ ಅದನ್ನೇ ಒತ್ತುತ್ತಿದ್ದ.

ಎರಡನೆಯ ತಿಂಗಳಲ್ಲಿ ಒಂದು ದಿನ ಫೋನ್ ಬಂತು.

"ಸಾರ್, ನಾನು ಲಾಂಡ್ರಿಯವಳು. ನೆನಪಿದೆಯಾ?"

"ಹೇಳಿ ಅಕ್ಕ. ಓದು ಹೇಗೆ ನಡೀತಿದೆ?"

"ಒಳಗೆ ಬಿಡ್ತಾನೇ ಇಲ್ಲ ಸಾರ್. ಎಲ್ಲ ಆಸನಗಳೂ ತುಂಬಿವೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಅಂತ ಬರುತ್ತೆ. ಕೆಳಗೆ ನಾಲ್ಕಕ್ಕೆ ನಾಲ್ಕೂ ನರ್ಸ್ ಪರೀಕ್ಷೆ ಅಂತ ತೋರಿಸುತ್ತೆ."

ಅಂದು ಪಿಂಚಣಿ ಅರ್ಜಿಗೆ ಕೊನೆಯ ದಿನ. ನನ್ನ ಮೇಜಿನ ಮುಂದೆ ಆರು ಮುದುಕರು ಸಾಲಾಗಿ ನಿಂತಿದ್ದರು, ಒಬ್ಬರಿಗೂ ಪಾಸ್‌ವರ್ಡ್ ನೆನಪಿಲ್ಲ.

"ಹೌದಾ? ಜನ ಬಳಸ್ತಿದಾರೆ ಅಕ್ಕ, ಅದಕ್ಕೆ. ಸ್ವಲ್ಪ ಹೊತ್ತು ಬಿಟ್ಟು ನೋಡಿ."

"ಸ್ವಲ್ಪ ಹೊತ್ತು ಬಿಟ್ರೆ ಅತ್ತೆ ಎದ್ದುಬಿಡ್ತಾರೆ."

"ನಾಳೆ ನೋಡಿ ಹಾಗಾದ್ರೆ. ಸಿಗುತ್ತೆ."

"ಆಗ್ಲಿ ಸಾರ್. ತೊಂದ್ರೆ ಕೊಟ್ಟೆ," ಎಂದು ಇಟ್ಟಳು.

ಇಟ್ಟ ಮೇಲೆ ಒಂದು ಗಳಿಗೆ ಏನೋ ಚುಚ್ಚಿದ ಹಾಗಾಯಿತು. ತಲೆಯೆತ್ತಿ ನೋಡಿದೆ. ಅಟೆಂಡರಣ್ಣ ಮೂರನೆಯ ಕಂಪ್ಯೂಟರಿನಿಂದ ನಾಲ್ಕನೆಯದಕ್ಕೆ ಹೋಗುತ್ತಿದ್ದ. ಅವನಿಗೊಂದು ಮಾತು ಹೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಸಾಲಿನ ಮೊದಲ ಮುದುಕ, "ತಮ್ಮಾ, ನನ್ನ ಹೆಂಡ್ತಿ ಹುಟ್ಟಿದ ದಿನ ಹಾಕಿ ನೋಡು," ಎಂದ. ಅದು ಯಾವುದು ಅಂತ ಕೇಳಿದೆ. ಅದೂ ಅವನಿಗೆ ನೆನಪಿರಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾತು ಅಲ್ಲಿಗೇ ಮರೆತುಹೋಯಿತು.

ಅವಳು ಮತ್ತೆ ಫೋನ್ ಮಾಡಲಿಲ್ಲ.

ಮೂರು ತಿಂಗಳು ತುಂಬಿದಾಗ ಕಂಪನಿಯಿಂದ ಪಟ್ಟಿ ಬಂತು. ಹೆಡ್ ಮೇಡಂ ಮಹಡಿ ಹತ್ತಿದ್ದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ, ಮಂಡಿ ನೋವು ಅವರಿಗೆ. ಅಂದು ಹತ್ತಿ ಬಂದರು.

"ಐನೂರ ತೊಂಬತ್ತಾರು!" ಎಂದರು. "ಅದು ಇರಲಿ, ಇಲ್ಲಿ ನೋಡಿ. ಇದೇನು, ವಾಪಸ್ ಹೋದವರು ಅಂತ? ನೂರ ಅರವತ್ಮೂರು?"

"ಆಸನ ಸಿಗದೆ ಹೋದವರು ಮೇಡಂ."

"ಅಂದ್ರೆ ಜಾಗ ಸಾಲ್ತಿಲ್ಲ! ನಾನು ಸಮಿತಿಗೆ ಇದನ್ನೇ ದಪ್ಪಕ್ಷರದಲ್ಲಿ ಬರೆದು ಕಳಿಸ್ತಿದೀನಿ. ಬೇಡಿಕೆ ಅಂದ್ರೆ ಇದು. ಶಭಾಷ್ ಕಣ್ರೀ."

ಅವರು ಇಳಿದು ಹೋದ ಮೇಲೆ ಆ ಸಂಖ್ಯೆಯ ವಿವರ ತೆರೆದೆ. ನೂರ ಅರವತ್ಮೂರು ಸಾಲು. ಪ್ರತಿ ಸಾಲಿನಲ್ಲೂ ಕಾರ್ಡಿನ ಕೊನೆಯ ನಾಲ್ಕು ಅಂಕಿ. ಎಲ್ಲ ಸಾಲಿನಲ್ಲೂ ಅದೇ ನಾಲ್ಕು ಅಂಕಿ.

ಮೊದಮೊದಲು ಒಂದೇ ದಿನಕ್ಕೆ ಐದಾರು ಸಲ. ಹತ್ತು ಐವತ್ತೆಂಟು. ಹನ್ನೊಂದು ಮೂರು. ಹನ್ನೊಂದು ಹತ್ತು. ಹನ್ನೊಂದು ಇಪ್ಪತ್ತಾರು. ಹನ್ನೊಂದು ಐವತ್ತು. ಆಮೇಲೆ ದಿನಕ್ಕೆ ಮೂರು. ಕೊನೆಯ ಮೂರು ವಾರ ದಿನಕ್ಕೆ ಒಂದೇ ಸಲ, ಹನ್ನೊಂದಕ್ಕೆ ಸರಿಯಾಗಿ. ಒಂದು ಸಲ ಬಾಗಿಲು ತಟ್ಟಿ ಸುಮ್ಮನಾಗುವುದು.

ಪರೀಕ್ಷೆಗೆ ಇನ್ನು ಹನ್ನೊಂದು ದಿನ ಉಳಿದಿತ್ತು.

"ಅಣ್ಣ, ನಿಲ್ಲಿಸು," ಎಂದೆ. "ಎಲ್ಲದರಿಂದ ಆಚೆ ಬಾ."

"ಯಾಕೆ ಸಾರ್? ನಲವತ್ತರ ಹತ್ತಿರ ಬಂದಿದ್ದೆ."

ಹೇಳಿದೆ. ಅವನು ಬಟ್ಟೆಯನ್ನು ಮಡಚಿದ, ಮತ್ತೆ ಬಿಚ್ಚಿ ಇನ್ನೊಂದು ಥರ ಮಡಚಿದ.

"ತೊಂದ್ರೆ ಇಲ್ಲ ಅಂದಿದ್ರಿ," ಎಂದ. "ನನ್ನ ಕೈಲೇ ಮಾಡಿಸಿದ್ರಿ."

ಅವತ್ತಿನಿಂದ ಅವನು ನನ್ನನ್ನು ಪಾಸ್‌ವರ್ಡು ಅನ್ನಲಿಲ್ಲ. ಬರೀ ಸಾರ್.

ಕೆಳಗೆ ಹೋಗಿ ಹೆಡ್ ಮೇಡಂಗೂ ಹೇಳಿದೆ. ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು. ಬಹಳ ಹೊತ್ತು ಪೆನ್ನಿನ ಮುಚ್ಚಳ ಹಾಕುತ್ತಾ ತೆಗೆಯುತ್ತಾ ಇದ್ದರು.

"ವರದಿ ಹೋಗಿಬಿಡ್ತು," ಎಂದರು. "ಈಗ ಸುಳ್ಳು ಅಂತ ಬರೆದ್ರೆ ನಾಳೆಯಿಂದಲೇ ನಿಲ್ಲಿಸ್ತಾರೆ. ಆಗ ಆ ಹೆಂಗಸಿಗೆ ಈ ಹನ್ನೊಂದು ದಿನಾನೂ ಇಲ್ಲ. ಬರೀಲಾ?"

ನಾನು ಮೇಜಿನ ಮೇಲಿನ ವರದಿಯ ನಕಲಿನತ್ತ ನೋಡಿದೆ.

"ಆಸನ ಖಾಲಿ ಬಿಡಿ. ಅವಳಿಗೆ ಫೋನ್ ಮಾಡಿ. ಅಷ್ಟು ಮಾಡಬಹುದು."

ಅವರ ಮಾತಿನಲ್ಲಿ ತಪ್ಪು ಹುಡುಕಲು ಮೇಲೆ ಬಂದು ಅರ್ಧ ಗಂಟೆ ಕೂತೆ. ಸಿಗಲಿಲ್ಲ.

ಮರುದಿನ ಹನ್ನೊಂದಕ್ಕೆ ಅವಳಿಗೆ ಫೋನ್ ಮಾಡಿದೆ.

"ಅಕ್ಕ, ಈಗ ನೋಡಿ. ಸಿಗುತ್ತೆ."

"ತಡೀರಿ ಸಾರ್, ಫೋನ್ ಇಡ್ಬೇಡಿ." ಹಿಂದಿನಿಂದ ಯಾರೋ ನರಳುವ ಸದ್ದು ಬಂತು. "ಇಲ್ಲೇ ಇದೀನಿ ಅತ್ತೆ, ಮಲಕ್ಕೊಳ್ಳಿ." ಆಮೇಲೆ, "ಅಯ್ಯೋ, ಬಿಡ್ತು ಸಾರ್! ಒಳಗೆ ಬಿಡ್ತು! ಅವರೆಲ್ಲ ಮುಗಿಸಿಬಿಟ್ರಾ?"

"ಯಾರು?"

"ಆ ನಾಲ್ಕು ಜನ. ದಿನಾ ನನಗಿಂತ ಮುಂಚೆ ಬಂದು ಕೂರ್ತಿದ್ರಲ್ಲ. ನಾನೂ ನೋಡೇಬಿಡೋಣ ಅಂತ ಒಂದಿನ ಹತ್ತೂಕಾಲಿಗೇ ಒತ್ತಿದೆ, ಆಗ್ಲೂ ಇದ್ರು! ಎಂಥಾ ಶ್ರದ್ಧೆ ಸಾರ್. ಅವರೆಲ್ಲ ಅಷ್ಟು ಓದ್ತಿರುವಾಗ ನಾನು ಬಟ್ಟೆ ಒಗೆಯೋಳು ಎಲ್ಲಿ ಪಾಸಾಗ್ತೀನಿ ಅನ್ನಿಸಿಬಿಡ್ತು. ಆಮೇಲಾಮೇಲೆ ಸುಮ್ನೆ ಒಂದು ಸಲ ಒತ್ತಿ ಬಿಟ್ಟುಬಿಡ್ತಿದ್ದೆ."

"ಅವರು ಇನ್ನು ಬರಲ್ಲ ಅಕ್ಕ. ನೀವು ಓದ್ಕೊಳ್ಳಿ."

ಪರೀಕ್ಷೆಗೆ ಮುಂಚೆ ಹೇಳಿದರೆ ಅವಳ ಮನಸ್ಸು ಕೆಡುತ್ತದೆ ಅಂದುಕೊಂಡೆ. ಅದು ಸುಳ್ಳಲ್ಲ. ಹೇಳದಿರುವುದು ನನಗೆ ಸುಲಭವೂ ಆಗಿತ್ತು.

ಹತ್ತು ದಿನ, ಭಾನುವಾರ ಒಂದು ಬಿಟ್ಟು, ಅವಳು ಒಂದು ಗಂಟೆಯನ್ನೂ ಬಿಡಲಿಲ್ಲ. ನಾನು ಬೇರೆ ಕೆಲಸ ಬಿಟ್ಟು ಅವಳ ಸಾಲನ್ನೇ ನೋಡುತ್ತಿದ್ದೆ. ಗಡಿಯಾರ ಮುಗಿಯುವಷ್ಟರಲ್ಲಿ ಮೊದಲ ಪರೀಕ್ಷೆಯಲ್ಲಿ ಅರವತ್ತೆಂಟು ಪ್ರಶ್ನೆ ಮುಟ್ಟಿದ್ದಳು. ಮುಂದಿನದರಲ್ಲಿ ಎಪ್ಪತ್ತೊಂದು. ಆಮೇಲೆ ಎಪ್ಪತ್ತಾರು, ಎಂಬತ್ತು. ಕೊನೆಯದರಲ್ಲಿ ಎಂಬತ್ತೈದು. ಅಟೆಂಡರಣ್ಣ ಹನ್ನೊಂದಾದರೆ ನನ್ನ ಹಿಂದೆ ಬಂದು ನಿಲ್ಲುತ್ತಿದ್ದ. "ಬಂದ್ರಾ?" ಅನ್ನುತ್ತಿದ್ದ. ಬಂದರು ಅಂದರೆ ಹೋಗುತ್ತಿದ್ದ. ಆ ಹತ್ತು ದಿನ ಅವನು ಯಾವ ಕಂಪ್ಯೂಟರಿನ ಧೂಳನ್ನೂ ಒರೆಸಲಿಲ್ಲ, ಎಲ್ಲಿ ಯಾವುದು ಒತ್ತಿಹೋಗುತ್ತದೋ ಅಂತ.

ಹನ್ನೊಂದನೆಯ ದಿನ ಪರೀಕ್ಷೆ.

ಆಮೇಲೆ ಒಂದೂವರೆ ತಿಂಗಳು ಅವಳ ಸುದ್ದಿ ಇರಲಿಲ್ಲ. ನಾನಾಗಿ ಫೋನ್ ಮಾಡಲಿಲ್ಲ. ಈ ನಡುವೆ ಸಮಿತಿಯ ಪತ್ರ ಬಂತು. ಚಂದಾ ಮೂರು ವರ್ಷಕ್ಕೆ ಮುಂದುವರಿಯಿತು. ನೂರ ಅರವತ್ಮೂರು ಓದುಗರು ನಿರಾಶರಾಗಿ ಮರಳಿದ್ದನ್ನು ಸಮಿತಿ ಗಂಭೀರವಾಗಿ ಪರಿಗಣಿಸಿದೆ ಅಂತ ಬರೆದಿದ್ದರು. ನಾಲ್ಕು ಆಸನ ಇದ್ದದ್ದು ಎಂಟಾಯಿತು. ನನ್ನ ಗುತ್ತಿಗೆಯೂ ಮುಂದುವರಿಯಿತು. ಹೆಡ್ ಮೇಡಂ ಪತ್ರವನ್ನು ನನ್ನ ಕೈಗೆ ಕೊಡುವಾಗ ನನ್ನ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ.

ಅವಳು ಬಂದದ್ದು ಒಂದು ಮಂಗಳವಾರ. ಮಗಳಿಗೆ ಮತ್ತೆ ರಜೆ ಇರಬೇಕು. ಕೋಣೆಯಲ್ಲಿ ನಾನು ಮತ್ತು ಅಟೆಂಡರಣ್ಣ ಇಬ್ಬರೇ. ಎಂಟು ಆಸನವೂ ಖಾಲಿ. ಅವಳು ಪರ್ಸಿನ ಒಳ ಜಿಪ್ಪಿನಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು.

"ಆಗ್ಲಿಲ್ಲ ಸಾರ್. ಅರವತ್ತು ಬೇಕಿತ್ತು, ಐವತ್ತೇಳು ಬಂತು."

"ಮೂರು..."

"ಹನಿ ಲೆಕ್ಕ ಒಂದೂ ತಪ್ಪಿಲ್ಲ. ಅದು ನಿಮ್ಮಿಂದ. ಟೈಮೇ ಸಾಲ್ಲಿಲ್ಲ. ಹದಿನಾಲ್ಕು ಪ್ರಶ್ನೆ ಉಳಿದಿತ್ತು, ಪರದೆ ಮುಚ್ಚಿಕೊಳ್ತು. ಗೊತ್ತಿದ್ದವೇ ಇದ್ವು ಅದರಲ್ಲಿ. ಇನ್ನೊಂದು ಸ್ವಲ್ಪ ದಿನ ಕೈ ಪಳಗಿದ್ರೆ ಆಗ್ತಿತ್ತೇನೋ." ಅವಳು ಅತ್ತಿರಲಿಲ್ಲ, ಅಳುವ ಹಾಗೂ ಇರಲಿಲ್ಲ. ಸಂತೆಗೆ ಹೋದಾಗ ಬೇಕಾದ್ದು ಮುಗಿದುಹೋಗಿತ್ತು ಅಂತ ಮನೆಯವರಿಗೆ ಹೇಳುವ ದನಿ. "ಈ ಕಾರ್ಡು ವಾಪಸ್ ತಗೊಂಡುಬಿಡಿ."

"ಇಟ್ಕೊಳ್ಳಿ ಅಕ್ಕ. ಬೇರೆ ಏನಾದ್ರೂ ಓದ್ಬಹುದು. ಈಗ ಎಂಟು ಆಸನ ಇದೆ, ಯಾವಾಗ ಬಂದ್ರೂ ಸಿಗುತ್ತೆ."

"ಇನ್ನೇನು ಓದ್ಲಿ?" ಎಂದಳು. "ಪರ್ಸು ತೆಗೆದಾಗೆಲ್ಲ ಕಣ್ಣಿಗೆ ಬೀಳುತ್ತೆ ಸಾರ್. ಬೇಡ."

ಕಾರ್ಡು ನನ್ನ ಮುಂದೆ ಬಿದ್ದಿತ್ತು. ಹೇಳಬೇಕಾದ್ದನ್ನು ಎರಡು ಸಲ ಮನಸ್ಸಿನಲ್ಲಿ ಜೋಡಿಸಿಕೊಂಡೆ. ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು.

"ಆ ನಾಲ್ಕು ಜನ ಪಾಸಾದ್ರಾ ಸಾರ್?"

ಟ್ಯೂಬ್‌ಲೈಟ್ ಗುಂಯ್ ಅನ್ನುತ್ತಿತ್ತು. ಡಿಪೋದಲ್ಲಿ ಯಾವುದೋ ಬಸ್ಸನ್ನು ಶುರು ಮಾಡಲು ಹೆಣಗುತ್ತಿದ್ದರು. ನಾನು ಕಾರ್ಡನ್ನು ತಿರುಗಿಸಿ ಹಿಂಬದಿಯ ಅಂಕಿಗಳನ್ನು ನೋಡುತ್ತಾ ಕೂತೆ.

"ಒಬ್ಬನ ವಿಷಯ ನನಗೆ ಗೊತ್ತಮ್ಮ," ಎಂದ ಅಟೆಂಡರಣ್ಣ. ಕಿಟಕಿಯ ಹತ್ತಿರ ನಿಂತಿದ್ದ, ಈ ಕಡೆ ತಿರುಗಲಿಲ್ಲ. "ನೂರಕ್ಕೆ ಇಪ್ಪತ್ತೇಳು. ಫೇಲು."

"ಪಾಪ," ಎಂದಳು ಅವಳು. "ಅಷ್ಟು ಓದಿದ್ರಲ್ಲ. ಅವರಿಗಾದ್ರೂ ಇನ್ನೊಂದು ಸಲ ಇದೆಯಾ?"

ಅವನು ಕೈಯ ಬಟ್ಟೆಯಿಂದ ಕಿಟಕಿಯ ಸರಳು ಒರೆಸತೊಡಗಿದ.

"ಇದೆ," ಎಂದೆ ನಾನು.

"ಸದ್ಯ," ಎಂದಳು. ಗೋಡೆಯ ಗಡಿಯಾರ ನೋಡಿ, ಸೆರಗು ಸರಿಮಾಡಿಕೊಂಡು, "ಬರ್ತೀನಿ ಸಾರ್. ಬರ್ತೀನಿ ಅಣ್ಣ," ಎಂದು ಮೆಟ್ಟಿಲಿಳಿದಳು. ಚಪ್ಪಲಿಯ ಸದ್ದು ಕೆಳಗಿನ ಬಾಗಿಲಿನವರೆಗೂ ಕೇಳಿಸಿತು. ಕೂಗಿ ನಿಲ್ಲಿಸುವಷ್ಟು ಹೊತ್ತಿತ್ತು.

ಕಾರ್ಡು ರದ್ದು ಮಾಡುವಾಗ ಕಂಪ್ಯೂಟರು ಕಾರಣ ಕೇಳುತ್ತದೆ. ನಾಲ್ಕೇ ಕಾರಣ ಕೊಟ್ಟಿದ್ದಾರೆ. ಊರು ಬಿಟ್ಟಿದ್ದಾರೆ, ತೀರಿಕೊಂಡಿದ್ದಾರೆ, ಕಾರ್ಡು ಕಳೆದಿದೆ, ಬಳಕೆಯಿಲ್ಲ. ಒಂದನ್ನು ಒತ್ತದೆ ಮುಂದಕ್ಕೆ ಬಿಡುವುದಿಲ್ಲ.

ಕೊನೆಯದನ್ನು ಒತ್ತಿದೆ.